ಪರವೂರಿನ ಬಯಲಿನಲ್ಲಿ ನಮ್ಮ ತಂಡ

ಊರಿನಲ್ಲಿ ಇರುವವರೆಗೆ ಊರಿನ ಹೆಸರನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಅಮಾಸೆಬೈಲಿನಲ್ಲಿ ಇರುವವನು ತಾನು ಅಮಾಸೆಬೈಲಿನವನೆಂದು ಯಾರಿಗೆ ಹೇಳಬೇಕು? ಘಟ್ಟದ ಬುಡದ ಆ ಊರಿನಿಂದ ಕುಂದಾಪುರದ ಪೇಟೆಗೆ ಇಳಿದ ಮೇಲೆ ಆ ಹೆಸರು ಮೊದಲ ಸಲ ಅವನ ಬಾಯಿಗೆ ಬರುತ್ತದೆ. ಬೆಂಗಳೂರಿಗೆ ಹೋದನೆಂದರೆ ಅಮಾಸೆಬೈಲೆಂದರೆ ಕೇಳಿದವರಿಗೆ ತಿಳಿಯದು. "ಕುಂದಾಪುರದ ಕಡೆ" ಎನ್ನುತ್ತಾನೆ. ಮುಂಬಯಿಯಲ್ಲಿ "ಮಂಗಳೂರಿನ ಕಡೆ" ಎನ್ನುತ್ತಾನೆ. ಕಡಲು ದಾಟಿ ಅರಬರ ನಾಡಿಗೆ ಹೋದರೆ "ಕರ್ನಾಟಕ" ಎನ್ನುತ್ತಾನೆ, ಅದೂ ಸಾಲದಿದ್ದರೆ "ಇಂಡಿಯಾ" ಎನ್ನುತ್ತಾನೆ. ದೂರ ಹೆಚ್ಚಿದಷ್ಟೂ ಅವನ ಊರು ಅಗಲವಾಗುತ್ತ ಹೋಗುತ್ತದೆ.

ಈ ಅಗಲವಾಗುವ ಕ್ರಿಯೆಯನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸ್ಥಳ ಒಂದು ಉಂಟು. ಅದು ಪರವೂರಿನ ಆಟದ ಮೈದಾನ. ತನ್ನ ಕಡೆಯ ತಂಡವೊಂದು ದೂರದ ನಗರಕ್ಕೆ ಬಂದು ಕಾಲ್ಚೆಂಡಾಟದ ಪಂದ್ಯ ಆಡುತ್ತದೆ ಎಂದು ತಿಳಿದು, ಕೆಲಸದಿಂದ ಬಿಡುವು ಪಡೆದು, ಟಿಕೇಟು ಕೊಂಡು ಒಳಗೆ ಹೋಗಿ ಕುಳಿತವನಿಗೆ ಪಕ್ಕದಲ್ಲಿ ಇನ್ನೊಬ್ಬ ಅದೇ ತಂಡದ ಹೆಸರನ್ನು ಕೂಗುವುದು ಕೇಳುತ್ತದೆ. ಅವನು ಯಾರೋ, ಇವನು ಯಾರೋ. ಆದರೆ ಆ ಒಂದೂವರೆ ಗಂಟೆಯ ಕಾಲ ಇಬ್ಬರೂ ನಂಟರು. ನಮ್ಮ ಕನ್ನಡ ನಾಡಿನ ಮಟ್ಟಿಗೆ ಇಂಥ ಭೇಟಿಗಳಿಗೆ ಒಂದು ಚರಿತ್ರೆ ಇದೆ. ಅದನ್ನು ಮುಂಬಯಿ, ದೋಹಾ, ರಿಯಾದ್ ಎಂಬ ಮೂರು ನಗರಗಳ ಮೂಲಕ ನಿಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ. ದಾರಿಯುದ್ದಕ್ಕೂ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯೋಣ: "ನಮ್ಮ ತಂಡ" ಎಂದಾಗ ಆ "ನಮ್ಮ" ಎಂಬ ಮಾತಿನಲ್ಲಿ ಯಾರು ಯಾರು ಸೇರುತ್ತಾರೆ?

ಅಮಾಸೆಬೈಲಿನ ಸುತ್ತಿನವರಿಗೆ ಪಕ್ಷ ವಹಿಸುವ ವಿದ್ಯೆಯನ್ನು ಮೊದಲು ಕಲಿಸಿದ್ದು ಕಾಲ್ಚೆಂಡು ಅಲ್ಲ, ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಹೊರಟ ಮೇಳಗಳು ಮಳೆಗಾಲಕ್ಕೆ ಮುಂಚಿನ ಹತ್ತನಾವಧಿಯವರೆಗೆ ಗದ್ದೆ ಗದ್ದೆಗಳಲ್ಲಿ ಆಟವಾಡುತ್ತವೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಎಂದು ಮೇಳದ ಹೆಸರು ಹೇಳಿದರೆ ಸಾಕು, ಅದರ ಭಾಗವತರು ಯಾರು, ಎರಡನೇ ವೇಷ ಯಾರದು ಎಂದು ವಿವರಿಸುವವರು ಮನೆಮನೆಯಲ್ಲೂ ಸಿಗುತ್ತಾರೆ. ಹಿಂದೆ ಜೋಡಾಟ ಎಂದರಂತೂ ಊರೇ ಎರಡು ಭಾಗವಾಗುತ್ತಿತ್ತು. ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಹೊತ್ತಿನಲ್ಲಿ ಒಂದೇ ಪ್ರಸಂಗ. ಬೆಳಗಿನವರೆಗೆ ಜನ ಯಾವ ರಂಗಸ್ಥಳದ ಮುಂದೆ ಹೆಚ್ಚು ನಿಂತರೋ ಆ ಮೇಳಕ್ಕೆ ಗೆಲುವು. ಮರುದಿನ ಅಂಗಡಿಯ ಜಗಲಿಯಲ್ಲಿ ವಾದ ನಡೆದು, ಕೆಲವೊಮ್ಮೆ ಮಾತು ಕೈಗೂ ಬರುತ್ತಿತ್ತು. ಹೀಗೆ ಊರಿನಲ್ಲಿ ಇರುವವನಿಗೆ ಪಕ್ಷವೆಂಬುದು ನೆರೆಮನೆಯವನಿಂದ ತನ್ನನ್ನು ಬೇರೆ ಮಾಡುವ ಸಂಗತಿ.

ಅದೇ ಇಬ್ಬರು ಮುಂಬಯಿಯಲ್ಲಿ ಎದುರಾದರೆಂದು ಭಾವಿಸಿ. ಒಬ್ಬ ಮಂದಾರ್ತಿಯ ಕಡೆ, ಇನ್ನೊಬ್ಬ ಮಾರಣಕಟ್ಟೆಯ ಕಡೆ. ಜನಸಂದಣಿಯಲ್ಲಿ "ಹ್ವಾಯ್" ಎಂಬ ಒಂದು ಕರೆ ಕೇಳಿದರೆ ಸಾಕು, ಇಬ್ಬರೂ ತಿರುಗಿ ನೋಡುತ್ತಾರೆ. ಹಾಗೆ ಕರೆಯುವವರು ಕುಂದಾಪುರದ ಸೀಮೆಯವರಲ್ಲದೆ ಬೇರೆಯವರಲ್ಲವಷ್ಟೆ. ಊರಿನಲ್ಲಿ ಜಗಳಕ್ಕೆ ಕಾರಣವಾದ ಮೇಳದ ಮಾತೇ ಅಲ್ಲಿ ಸ್ನೇಹಕ್ಕೆ ಕಾರಣವಾಗುತ್ತದೆ. ಏಕೆಂದರೆ ಆ ಮೇಳಗಳ ಹೆಸರು ಬಲ್ಲವರು ಆ ಬೀದಿಯಲ್ಲಿ ಅವರಿಬ್ಬರೇ.

ಕರಾವಳಿಯವರು ಮುಂಬಯಿಗೆ ಹೋದ ಬಗೆಯನ್ನು ನಿಮ್ಮಲ್ಲಿ ಅನೇಕರು ಹಿರಿಯರಿಂದ ಕೇಳಿರಬೇಕು. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು ೧೯೯೮ರಲ್ಲಿ. ಅದಕ್ಕೆ ಮುಂಚೆ ನೇರ ರೈಲು ಇರಲಿಲ್ಲ. ಹಿಂದಿನ ಕಾಲದಲ್ಲಿ ಕರಾವಳಿಯ ಬಂದರುಗಳಿಂದ ಉಗಿಹಡಗು, ಆಮೇಲೆ ಬಸ್ಸು. ಹೋದವರಲ್ಲಿ ಬಹುಮಂದಿ ಹೋಟೆಲುಗಳಲ್ಲಿ ಕೆಲಸಕ್ಕೆ ನಿಂತ ಹುಡುಗರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ಅವರಲ್ಲಿ ಎಷ್ಟೋ ಜನ. ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೨ರಷ್ಟು ಹಿಂದೆಯೇ ಅಲ್ಲಿ ಹುಟ್ಟಿತು. ಮಾಟುಂಗದ ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿ ಸ್ಥಾಪನೆಯಾಯಿತು. ೧೯೩೦ರ ದಶಕದಲ್ಲಿ ಕರ್ನಾಟಕ ಸಂಘವೂ ಬಂದಿತು. ಗಮನಿಸಿ: "ಕರ್ನಾಟಕ" ಎಂಬ ಹೆಸರಿನ ರಾಜ್ಯ ಆಗ ಭೂಪಟದ ಮೇಲೆ ಎಲ್ಲಿಯೂ ಇರಲಿಲ್ಲ. ಆ ಹೆಸರನ್ನು ರಾಜ್ಯಕ್ಕೆ ಇಟ್ಟದ್ದು ೧೯೭೩ರ ನವೆಂಬರ್ ೧ರಂದು. ಅದಕ್ಕೆ ನಾಲ್ಕು ದಶಕ ಮೊದಲೇ ಮನೆಯಿಂದ ದೂರ ಇದ್ದ ಜನ ಆ ಹೆಸರಿನ ಫಲಕವನ್ನು ಬಾಗಿಲಿಗೆ ತೂಗುಹಾಕಿದ್ದರು.

ಇಂಥ ಮುಂಬಯಿಗೆ ೧೯೩೭ರಲ್ಲಿ ಬೆಂಗಳೂರಿನಿಂದ ಒಂದು ಕಾಲ್ಚೆಂಡಾಟದ ತಂಡ ಬಂದಿತು. ಹೆಸರು ಬೆಂಗಳೂರು ಮುಸ್ಲಿಮ್ಸ್. ಆಡಲು ಬಂದದ್ದು ರೋವರ್ಸ್ ಕಪ್ ಪಂದ್ಯಾವಳಿಗೆ. ೧೮೯೧ರಲ್ಲಿ ಪ್ರಾರಂಭವಾದ ಆ ಪಂದ್ಯಾವಳಿ ಅದುವರೆಗೆ ಬ್ರಿಟಿಷ್ ಸೈನ್ಯದ ಪಡೆಗಳ ಸ್ವತ್ತಿನಂತೆ ಇತ್ತು. ಬೂಟು ತೊಟ್ಟ ಸೈನಿಕರ ತಂಡಗಳು ಬರುವುದು, ಕಪ್ಪನ್ನು ಒಯ್ಯುವುದು; ನಮ್ಮವರು ಸುತ್ತ ನಿಂತು ನೋಡುವುದು. ಆ ವರ್ಷ ಅಂತಿಮ ಪಂದ್ಯಕ್ಕೆ ಬಂದ ಎರಡು ತಂಡಗಳೂ ಭಾರತೀಯರವು. ಒಂದು ಬೆಂಗಳೂರು ಮುಸ್ಲಿಮ್ಸ್. ಇನ್ನೊಂದು, ೧೯೩೪ರಿಂದ ಕಲ್ಕತ್ತದ ಲೀಗನ್ನು ಬಿಡದೆ ಗೆಲ್ಲುತ್ತ ದೇಶವನ್ನೇ ಬೆರಗುಗೊಳಿಸಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರಿನವರು ಒಂದು ಗೋಲಿನಿಂದ ಗೆದ್ದರು. ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಎಂಬ ಕೀರ್ತಿ ಹೀಗೆ ಬೆಂಗಳೂರಿಗೆ ಬಂದಿತು. ಮರುವರ್ಷ, ೧೯೩೮ರಲ್ಲಿ, ಅದೇ ತಂಡ ಕಪ್ಪನ್ನು ತನ್ನಲ್ಲೇ ಉಳಿಸಿಕೊಂಡಿತು.

ಪಂದ್ಯ ನಡೆಯುತ್ತಿದ್ದ ಕೂಪರೇಜ್ ಮೈದಾನ ಕೋಟೆ ಪ್ರದೇಶದಿಂದ ನಡೆದು ಹೋಗುವಷ್ಟು ಹತ್ತಿರ. ಆ ಕೋಟೆ ಪ್ರದೇಶದ ಹೋಟೆಲಿನಲ್ಲಿ ದುಡಿಯುವ ಅಮಾಸೆಬೈಲಿನ ಹುಡುಗನೊಬ್ಬನನ್ನು ಈಗ ನಮ್ಮ ಕಲ್ಪನೆಗೆ ತಂದುಕೊಳ್ಳೋಣ. ಬೆಂಗಳೂರಿನ ತಂಡ ಬಂದಿದೆ ಎಂದು ಅವನ ಕಿವಿಗೆ ಬಿದ್ದಿದೆ. ಅದು ಅವನ ತಂಡ ಹೌದೆ?

ಉತ್ತರ ಸುಲಭವಲ್ಲ. ಅಂದಿನ ಆಡಳಿತದ ಲೆಕ್ಕದಲ್ಲಿ ಕುಂದಾಪುರ ತಾಲೂಕು ಮದ್ರಾಸ್ ಪ್ರಾಂತದ್ದು. ಅಮಾಸೆಬೈಲಿನ ಹಿಂದಿನ ಘಟ್ಟವನ್ನು ಹತ್ತಿದರೆ ಮೈಸೂರು ಮಹಾರಾಜರ ಸೀಮೆ. ಉತ್ತರಕ್ಕೆ ಬೈಂದೂರು, ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಮುಂಬಯಿ ಪ್ರಾಂತ. ಒಂದೇ ಭಾಷೆ ಆಡುವ, ಒಂದೇ ಬಗೆಯ ಹಂಚಿನ ಮನೆಯಲ್ಲಿ ವಾಸಿಸುವ ಜನರ ನಡುವೆ ಮೂರು ಸರಕಾರಗಳು. ಇನ್ನು ಬೆಂಗಳೂರಿನ ಕಾಲ್ಚೆಂಡಾಟ ಬೆಳೆದದ್ದು ದಂಡು ಪ್ರದೇಶದಲ್ಲಿ. ಆ ದಂಡು ಪ್ರದೇಶವೂ ೧೯೪೭ರ ಜುಲೈವರೆಗೆ ಮಹಾರಾಜರ ಕೈಯಲ್ಲಿ ಇರಲಿಲ್ಲ, ಬ್ರಿಟಿಷರ ಕೈಯಲ್ಲಿ ಇತ್ತು. ಅಲ್ಲಿಯ ಆಟಗಾರರ ಮನೆಮಾತು ಬಹುಮಟ್ಟಿಗೆ ಉರ್ದು, ಇಲ್ಲವೆ ತಮಿಳು. ಹೀಗೆ ಸರಕಾರ ಬೇರೆ, ಮನೆಮಾತು ಬೇರೆ.

ಧರ್ಮದ ಪ್ರಶ್ನೆಯೂ ಇತ್ತು. ಅದೇ ಮುಂಬಯಿಯಲ್ಲಿ ಆ ಕಾಲದ ಅತ್ಯಂತ ಜನಪ್ರಿಯ ಕ್ರಿಕೆಟ್ ಪಂದ್ಯಾವಳಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯೂರೋಪಿಯನ್ನರು ಎಂಬ ಹೆಸರಿನ ತಂಡಗಳ ನಡುವೆ ನಡೆಯುತ್ತಿತ್ತು. ೧೯೩೭ರಲ್ಲಿ "ಉಳಿದವರು" ಎಂಬ ಐದನೆಯ ತಂಡವೂ ಸೇರಿತು. ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಆ ಪಂದ್ಯಾವಳಿ ನಿಂತು ಹೋಯಿತು. ಆಟದಲ್ಲಿ ಧರ್ಮದ ಹೆಸರಿನ ಪಂಗಡಗಳು ತರವಲ್ಲ ಎಂದು ಗಾಂಧೀಜಿಯವರೂ ಹೇಳಿದ್ದರು. ಆದರೆ ೧೯೩೭ರ ಕೂಪರೇಜ್ ಮೈದಾನದಲ್ಲಿ ಒಂದು ವಿಚಿತ್ರ ನಡೆಯಿತು. ಎರಡೂ ಪಕ್ಷಗಳು ಒಂದೇ ಧರ್ಮದ ಹೆಸರು ಹೊತ್ತಿದ್ದವು. ನೋಡುವವನು ಹಿಂದೂವಾಗಲಿ ಮುಸ್ಲಿಮನಾಗಲಿ, ಧರ್ಮದ ಲೆಕ್ಕದಿಂದ ಪಕ್ಷವನ್ನು ಆರಿಸುವಂತೆ ಇರಲಿಲ್ಲ. ಎರಡು ಹೆಸರುಗಳ ನಡುವೆ ಉಳಿದಿದ್ದ ವ್ಯತ್ಯಾಸ ಊರಿನದು: ಒಂದು ಬೆಂಗಳೂರು, ಇನ್ನೊಂದು ಕಲ್ಕತ್ತ. ನಮ್ಮ ಅಮಾಸೆಬೈಲಿನ ಹುಡುಗನಿಗೆ ಕಲ್ಕತ್ತಕ್ಕಿಂತ ಬೆಂಗಳೂರು ಹತ್ತಿರ. ಅವನು ಅದುವರೆಗೆ ಬೆಂಗಳೂರನ್ನು ಕಣ್ಣಿಂದ ನೋಡಿರದಿದ್ದರೂ ಹತ್ತಿರ. ಮನೆಯಲ್ಲಿ ಇದ್ದಿದ್ದರೆ ಅವನಿಗೆ ಬೆಂಗಳೂರು ಘಟ್ಟದ ಮೇಲಿನ ಯಾವುದೋ ಪಟ್ಟಣ. ಮುಂಬಯಿಯಲ್ಲಿ ಅದು ತನ್ನ ದಿಕ್ಕಿನ ಪಟ್ಟಣ. ಪರವೂರಿನಲ್ಲಿ ಪಕ್ಷ ಹುಟ್ಟುವ ಬಗೆ ಇದು.

ಮುಂದಿನ ಹೆಜ್ಜೆಗಳನ್ನು ಸಂತೋಷ್ ಟ್ರೋಫಿಯಲ್ಲಿ ಕಾಣಬಹುದು. ೧೯೪೧ರಲ್ಲಿ ಪ್ರಾರಂಭವಾದ ಆ ಪಂದ್ಯಾವಳಿಯಲ್ಲಿ ಆಡುವುದು ಪ್ರಾಂತಗಳ ತಂಡಗಳು. ಮೈಸೂರು ತಂಡ ೧೯೪೬-೪೭ರಲ್ಲಿ ಬಂಗಾಳವನ್ನು ಸೋಲಿಸಿ ಟ್ರೋಫಿಯನ್ನು ಗೆದ್ದಿತು. ೧೯೫೨-೫೩ರಲ್ಲಿ ಮತ್ತೊಮ್ಮೆ ಗೆದ್ದಿತು. ಆ ಎರಡು ಗೆಲುವುಗಳ ಕಾಲಕ್ಕೂ ಕುಂದಾಪುರದವನ ಅಧಿಕೃತ ತಂಡ ಮೈಸೂರು ಆಗಿರಲಿಲ್ಲ, ಮದ್ರಾಸ್ ಆಗಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದಾದ ಮೇಲೆ ೧೯೬೭-೬೮ರಲ್ಲಿ ಒರಿಸ್ಸಾದ ಕಟಕ್‌ನಲ್ಲಿ ಮೈಸೂರು ತಂಡ ಬಂಗಾಳದ ವಿರುದ್ಧ ಗೆದ್ದಾಗ, ಅಮಾಸೆಬೈಲಿನವನು ಸರಕಾರಿ ಕಾಗದದ ಪ್ರಕಾರವೂ "ನಮ್ಮ ತಂಡ ಗೆದ್ದಿತು" ಎನ್ನಬಹುದಾಗಿತ್ತು. ಮರುವರ್ಷ ಬೆಂಗಳೂರಿನಲ್ಲಿಯೇ ಮತ್ತೊಂದು ಗೆಲುವು.

ಇಲ್ಲಿ ಕಾಸರಗೋಡನ್ನು ಮರೆಯುವಂತಿಲ್ಲ. ೧೯೫೬ರಲ್ಲಿ ಅದು ಕೇರಳಕ್ಕೆ ಸೇರಿತು. ಕೇರಳ ೧೯೭೩-೭೪ರಲ್ಲಿ ಮೊದಲ ಸಲ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಕಾಸರಗೋಡಿನ ಕನ್ನಡಿಗನಿಗೆ ಅದು ತನ್ನ ರಾಜ್ಯದ ಗೆಲುವು. ಕರ್ನಾಟಕ ಗೆದ್ದರೆ ತನ್ನ ಭಾಷೆಯ ನಾಡಿನ ಗೆಲುವು. ಭೂಪಟದ ಗೆರೆ ಒಂದು ಕಡೆ ಹೋಗುತ್ತದೆ, ಮನಸ್ಸು ಇನ್ನೊಂದು ಕಡೆಗೂ ಹೋಗುತ್ತದೆ. ಒಬ್ಬನೇ ಮನುಷ್ಯನಿಗೆ ಎರಡು "ನಮ್ಮ ತಂಡ"ಗಳಿದ್ದರೆ ಅದರಲ್ಲಿ ಲೋಪವೇನೂ ಇಲ್ಲ. ಗಡಿನಾಡಿನವರಿಗೆ ಇದು ಚೆನ್ನಾಗಿ ಗೊತ್ತು.

ಇದುವರೆಗೆ ನಮ್ಮ ತಂಡಗಳು ಹೊರಗೆ ಹೋದ ಕಥೆಯನ್ನು ಹೇಳಿದೆ. ನಮ್ಮ ಆಟಗಾರರು ಹೊರಗಿನವರ ತಂಡಕ್ಕೆ ಹೋದ ಕಥೆಯೂ ನಮ್ಮ ಪ್ರಶ್ನೆಗೆ ಬೆಳಕು ಕೊಡುತ್ತದೆ. ಬೆಂಗಳೂರಿನ ಅಹಮದ್ ಖಾನರ ಹೆಸರನ್ನು ನೀವು ಕೇಳಿರಬಹುದು. ೧೯೪೮ರ ಲಂಡನ್ ಮತ್ತು ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಪಂದ್ಯಗಳಲ್ಲಿ ಭಾರತಕ್ಕೆ ಆಡಿದವರು. ಅವರು ಕಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ ಎಂಬ ಐವರು ಮುಂಪಡೆಯ ಆಟಗಾರರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು, ಬಂಗಾಳಿ ಒಬ್ಬನೂ ಅಲ್ಲ. ಇವರ ಕಾಲದಲ್ಲಿ ಈಸ್ಟ್ ಬೆಂಗಾಲ್ ೧೯೪೯ರಿಂದ ೧೯೫೧ರವರೆಗೆ ಮೂರು ವರ್ಷ ಬಿಡದೆ ಐ.ಎಫ್.ಎ. ಶೀಲ್ಡನ್ನು ಗೆದ್ದಿತು.

ಆ ತಂಡಕ್ಕೆ ಕೂಗಿದವರು ಯಾರೆಂದು ಸ್ವಲ್ಪ ಯೋಚಿಸಿ. ೧೯೨೦ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ಪೂರ್ವ ಬಂಗಾಳದ ಮೂಲದವರ ಅಭಿಮಾನದ ತಂಡ. ೧೯೪೭ರಲ್ಲಿ ದೇಶ ವಿಭಜನೆಯಾದಾಗ ಲಕ್ಷಾಂತರ ಜನ ಮನೆ, ಹೊಲ, ಕೊಳಗಳನ್ನು ಬಿಟ್ಟು ಪಶ್ಚಿಮಕ್ಕೆ ಬಂದರು. ಹಿಂದಿರುಗಿ ಹೋಗಲು ಅವರಿಗೆ ಊರೇ ಇರಲಿಲ್ಲ. ಊರಿನ ಹೆಸರು ಉಳಿದಿದ್ದ ಜಾಗಗಳಲ್ಲಿ ಆ ತಂಡ ಒಂದು. ಮೈದಾನದ ಸುತ್ತ ನಿಂತು ಅವರು ಒಬ್ಬರನ್ನೊಬ್ಬರು ಗುರುತಿಸಿದರು: ನೀನು ಯಾವ ಜಿಲ್ಲೆ, ನಿನ್ನ ಮನೆ ಯಾವ ನದಿಯ ದಡದಲ್ಲಿ. ಅವರಿಗಾಗಿ ಗೋಲು ಹೊಡೆಯುತ್ತಿದ್ದವರು ಬೆಂಗಳೂರಿನ, ಆಂಧ್ರದ, ಕೇರಳದ ಹುಡುಗರು. ಊರು ಕಳೆದುಕೊಂಡ ಬಂಗಾಳಿಗೆ ಬೆಂಗಳೂರಿನ ಅಹಮದ್ ಖಾನ್ ತನ್ನವನಾದ. ಹುಟ್ಟು ಬೇರೆ, ಭಾಷೆ ಬೇರೆ, ಧರ್ಮ ಬೇರೆ, ಆದರೂ ತನ್ನವನು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ವರ್ಷಗಳಲ್ಲಿ ಇದು ನಡೆಯಿತು ಎಂಬುದನ್ನು ಮರೆಯಬಾರದು.

ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಕೂಡ ಪರವೂರಿನಲ್ಲಿ ಬಂದದ್ದು. ೧೯೪೮ರ ಜುಲೈ ೩೧ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಅದನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ನಮ್ಮ ತಂಡದಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು ೨-೧ರಿಂದ ಗೆದ್ದಿತು. ಸೋತ ಆ ಪಂದ್ಯವನ್ನು ಜನ ಇಂದಿಗೂ ನೆನೆಯುತ್ತಾರೆ.

ಈಗ ಕಾಲದಲ್ಲಿ ಸ್ವಲ್ಪ ಮುಂದೆ ಬರೋಣ. ೧೯೭೦ರ ದಶಕದಲ್ಲಿ ಅರಬರ ನಾಡುಗಳಲ್ಲಿ ಎಣ್ಣೆಯ ಸಂಪತ್ತು ಏರಿತು. ಕೆಲಸಗಾರರ ಬೇಡಿಕೆಯೂ ಏರಿತು. ಹಿಂದೆ ಮುಂಬಯಿಯೇ ಕೊನೆಯೆಂದು ತಿಳಿದಿದ್ದ ಕರಾವಳಿಯ ಜನಕ್ಕೆ ಮುಂಬಯಿ ಒಂದು ತಂಗುದಾಣವಾಯಿತು. ಬೈಂದೂರು, ಗಂಗೊಳ್ಳಿ, ಕುಂದಾಪುರ, ಬ್ರಹ್ಮಾವರಗಳ ಮನೆಗಳಿಂದ ದುಬಾಯಿ, ಕುವೈತ್, ಕತಾರ್, ಸೌದಿ ಅರೇಬಿಯಾಗಳಿಗೆ ಜನ ಹೋದರು. ಹೋದಲ್ಲೆಲ್ಲ ಕನ್ನಡ ಸಂಘ, ಯಕ್ಷಗಾನದ ಕೂಟ, ರಾಜ್ಯೋತ್ಸವ. ಮುಂಬಯಿಯಲ್ಲಿ ಅಜ್ಜಂದಿರು ಮಾಡಿದ್ದನ್ನು ಮೊಮ್ಮಕ್ಕಳು ಮರಳುಗಾಡಿನಲ್ಲಿ ಮಾಡಿದರು.

ಕತಾರಿನ ದೋಹಾ ನಗರಕ್ಕೆ ೨೦೧೬ರ ನವೆಂಬರಿನಲ್ಲಿ ಬೆಂಗಳೂರಿನ ತಂಡವೊಂದು ಬಂದಿತು. ಅದು ೨೦೧೩ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ಏಷ್ಯಾದ ಕ್ಲಬ್ಬುಗಳ ಎ.ಎಫ್.ಸಿ. ಕಪ್ ಪಂದ್ಯಾವಳಿಯಲ್ಲಿ, ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೊಹೊರ್ ತಂಡವನ್ನು ಅಕ್ಟೋಬರ್ ೧೯ರಂದು ಕಂಠೀರವ ಕ್ರೀಡಾಂಗಣದಲ್ಲಿ ೩-೧ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೆ ಬಂದಿತ್ತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಷ್ಟು ದೂರ ಹೋಗಿರಲಿಲ್ಲ. ಕಂಠೀರವದ ಪಶ್ಚಿಮ ದಿಕ್ಕಿನ ಮೆಟ್ಟಿಲುಗಳಲ್ಲಿ ನಿಂತು ಹಾಡುವ ಅಭಿಮಾನಿಗಳ ಗುಂಪು "ವೆಸ್ಟ್ ಬ್ಲಾಕ್ ಬ್ಲೂಸ್" ಎಂದು ಹೆಸರಾದದ್ದು. ಅವರಲ್ಲಿ ಕೆಲವರು ವಿಮಾನವೇರಿ ದೋಹಾಕ್ಕೆ ಹೋದರು. ಅಲ್ಲಿ ನೆಲೆಸಿದ ಭಾರತೀಯರೂ ಬಂದು ಸೇರಿದರು.

ಆ ಸಂಜೆ ಆಟದ ಬಯಲಿನಲ್ಲಿದ್ದ "ನಮ್ಮ ತಂಡ"ವನ್ನು ನೋಡಿ. ನಾಯಕ ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಮನೆಯಲ್ಲಿ. ವಿನೀತ್, ರಿನೊ ಆಂಟೊ ಕೇರಳದವರು. ಉದಾಂತ ಸಿಂಗ್ ಮಣಿಪುರದವರು. ಲಿಂಗ್ಡೋ ಮೇಘಾಲಯದವರು. ಹುವಾನಾನ್ ಸ್ಪೇನಿನವರು. ತರಬೇತುಗಾರ ಆಲ್ಬರ್ಟ್ ರೋಕಾ ಕೂಡ ಸ್ಪೇನಿನವರು. ಅದಕ್ಕೆ ಎರಡು ತಿಂಗಳು ಮುಂಚೆ, ಸೆಪ್ಟೆಂಬರಿನಲ್ಲಿ, ಕಾವೇರಿ ನೀರಿನ ವಿವಾದದಿಂದ ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟುಹೋಗಿದ್ದವು. ನಗರದ ಕೆಲವು ಭಾಗಗಳಲ್ಲಿ ಕರ್ಫ್ಯೂ ಹಾಕಲಾಗಿತ್ತು. ವಾಹನದ ಸಂಖ್ಯಾಫಲಕ ನೋಡಿ ಇವನು ನಮ್ಮವನು, ಇವನು ಅಲ್ಲ ಎಂದು ತೀರ್ಮಾನಿಸಿದ ದಿನಗಳು ಅವು. ಅದೇ ನಗರದ ಹೆಸರನ್ನು ಎದೆಯ ಮೇಲೆ ಹೊತ್ತು, ಹಲವು ಭಾಷೆಗಳ ಹನ್ನೊಂದು ಜನ ದೋಹಾದಲ್ಲಿ ಓಡುತ್ತಿದ್ದರು. "ನಮ್ಮವರು" ಎಂಬ ಮಾತನ್ನು ಎಷ್ಟು ಇಕ್ಕಟ್ಟಾಗಿಸಬಹುದು, ಎಷ್ಟು ಅಗಲಿಸಬಹುದು ಎಂಬ ಎರಡನ್ನೂ ಬೆಂಗಳೂರು ಒಂದೇ ಋತುವಿನಲ್ಲಿ ಕಂಡಿತು.

ಎದುರಿನ ತಂಡ ಬಾಗ್ದಾದಿನ ವಾಯುಪಡೆ ಕ್ಲಬ್, ೧೯೩೧ರಲ್ಲಿ ಹುಟ್ಟಿದ ಹಳೆಯ ತಂಡ. ಯುದ್ಧದಿಂದ ಬಳಲಿದ ಇರಾಕಿನಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಡೆಸಲು ಆಗ ಅನುಮತಿ ಇರಲಿಲ್ಲ. ಆದ್ದರಿಂದ ಅಂತಿಮ ಪಂದ್ಯವನ್ನು ದೋಹಾದಲ್ಲಿ ಇಡಲಾಯಿತು. ಅವರ ಅಭಿಮಾನಿಗಳೂ ಮನೆಯಿಂದ ದೂರ ಇದ್ದವರೇ. ಹೀಗೆ ಎರಡು ಪರವೂರಿನ ಗುಂಪುಗಳು ಮೂರನೆಯವರ ನೆಲದಲ್ಲಿ ಎದುರು ಬದುರಾಗಿ ಕುಳಿತವು. ಎರಡನೆಯ ಅರ್ಧದಲ್ಲಿ ಹಮ್ಮಾದಿ ಅಹಮದ್ ಹೊಡೆದ ಒಂದೇ ಗೋಲಿನಿಂದ ಇರಾಕಿನವರು ಗೆದ್ದರು. ನಮ್ಮವರು ಸೋತರೂ, ಭಾರತದ ಕ್ಲಬ್ಬೊಂದು ಅಲ್ಲಿಯವರೆಗೆ ಬಂದ ದಿನ ತಾವು ಅಲ್ಲಿದ್ದೆವು ಎಂದು ಹೇಳುವ ಹಕ್ಕು ಆ ಮೆಟ್ಟಿಲುಗಳಲ್ಲಿ ಕುಳಿತವರಿಗೆ ಉಳಿಯಿತು.

ಮೂರನೆಯ ನಗರ ಸೌದಿ ಅರೇಬಿಯಾದ ರಿಯಾದ್. ೧೯೬೮-೬೯ರ ಗೆಲುವಿನ ನಂತರ ನಮ್ಮ ರಾಜ್ಯಕ್ಕೆ ಸಂತೋಷ್ ಟ್ರೋಫಿ ಬಂದೇ ಇರಲಿಲ್ಲ. ೧೯೭೩ರಲ್ಲಿ ರಾಜ್ಯದ ಹೆಸರು ಬದಲಾಯಿತು. "ಕರ್ನಾಟಕ" ಎಂಬ ಹೆಸರಿನಿಂದ ಒಮ್ಮೆಯೂ ಗೆದ್ದಿರಲಿಲ್ಲ. ೨೦೨೩ರ ಮಾರ್ಚ್ ತಿಂಗಳಲ್ಲಿ ಆ ಪಂದ್ಯಾವಳಿಯ ಕೊನೆಯ ಸುತ್ತುಗಳು ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಡೆದವು. ಸಂತೋಷ್ ಟ್ರೋಫಿಯ ಪಂದ್ಯಗಳು ಭಾರತದ ಹೊರಗೆ ನಡೆದದ್ದು ಅದೇ ಮೊದಲು. ಕರ್ನಾಟಕ ಮೊದಲು ಸರ್ವಿಸಸ್ ತಂಡವನ್ನು ೩-೧ರಿಂದ ಸೋಲಿಸಿತು. ಮಾರ್ಚ್ ೪ರಂದು ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ, ೫೪ ವರ್ಷಗಳ ಮೇಲೆ ಟ್ರೋಫಿಯನ್ನು ಗೆದ್ದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ತರಬೇತುಗಾರರು ರವಿ ಬಾಬು ರಾಜು.

ಓರಾಂ, ಯಾದವ್ ಎಂಬ ಹೆಸರುಗಳನ್ನು ಕೇಳಿ ನಿಮ್ಮಲ್ಲಿ ಯಾರಿಗಾದರೂ "ಇವರು ಕನ್ನಡಿಗರೆ?" ಎಂಬ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ. ಪ್ರಶ್ನೆ ಹಳೆಯದು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದ ಬಗ್ಗೆಯೂ ಇದನ್ನು ಕೇಳಬಹುದಾಗಿತ್ತು. ಕಲ್ಕತ್ತದ ಬಂಗಾಳಿ ಅಹಮದ್ ಖಾನರ ಬಗ್ಗೆ ಕೇಳಬಹುದಾಗಿತ್ತು. ಈ ತಂಡಗಳ ಚರಿತ್ರೆ ಪ್ರತಿಯೊಂದು ಸಲವೂ ಒಂದೇ ಉತ್ತರವನ್ನು ಕೊಟ್ಟಿದೆ. ಯಾರು ನಮ್ಮ ಹೆಸರನ್ನು ಹೊತ್ತು, ನಮ್ಮ ಪರವಾಗಿ ಬೆವರು ಸುರಿಸಿದರೋ ಅವರು ನಮ್ಮವರು. ಅಮಾಸೆಬೈಲಿನವನು ಈ ಉತ್ತರವನ್ನು ಒಪ್ಪಬೇಕಾದದ್ದು ನ್ಯಾಯ. ಏಕೆಂದರೆ ಅವನೂ ಎಲ್ಲೋ ಒಂದು ಕಡೆ ಓರಾಂ, ಯಾದವರಂತೆಯೇ ಇದ್ದಾನೆ: ಮುಂಬಯಿಯ ಹೋಟೆಲಿನಲ್ಲಿ, ಬೆಂಗಳೂರಿನ ಕಚೇರಿಯಲ್ಲಿ, ರಿಯಾದಿನ ಕಾರ್ಖಾನೆಯಲ್ಲಿ ಇನ್ನೊಬ್ಬರ ಊರಿನ ಹೆಸರಿಗಾಗಿ ದುಡಿಯುತ್ತಿದ್ದಾನೆ. ಅಲ್ಲಿಯವರು ಅವನನ್ನು ತಮ್ಮವನೆನ್ನಲಿ ಎಂದು ನಾವು ಬಯಸುತ್ತೇವೆ. ಹಾಗಾದರೆ ಇಲ್ಲಿಗೆ ಬಂದವನನ್ನು ನಾವು ಏನೆನ್ನಬೇಕು?

ಈ ಅಭಿಮಾನದಲ್ಲಿ ಅಪಾಯವೂ ಉಂಟೆಂಬುದನ್ನು ಮುಚ್ಚಿಡುವಂತಿಲ್ಲ. ಜೋಡಾಟದ ಜಗಳವನ್ನು ಕಂಡ ಸೀಮೆಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ೧೯೮೦ರ ಆಗಸ್ಟ್ ೧೬ರಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗಲಭೆಯಾಗಿ ೧೬ ಮಂದಿ ಸತ್ತರು. ಆಟ ನೋಡಲೆಂದು ಮನೆಯಿಂದ ಹೊರಟವರು ಅವರು. ಎದುರು ಪಕ್ಷದವನೂ ತನ್ನಂತೆಯೇ ಯಾವುದೋ ಊರಿನ ಹೆಸರನ್ನು ಹೊತ್ತುಕೊಂಡು ಬಂದವನೆಂಬುದು ಮರೆತ ದಿನ ಇಂಥದು ನಡೆಯುತ್ತದೆ. ಪರವೂರಿನ ಮೈದಾನದಲ್ಲಿ ಅದು ಅಷ್ಟು ಸುಲಭವಾಗಿ ಮರೆಯುವುದಿಲ್ಲ; ಅಲ್ಲಿ ಎರಡೂ ಕಡೆಯವರು ಅತಿಥಿಗಳು.

ನಿಮ್ಮ ಮನೆಯ ಬಾನುಲಿಯಲ್ಲಿ ಪಂದ್ಯದ ವೀಕ್ಷಕ ವಿವರಣೆ ಬರುವಾಗ ನೀವು ಮೈದಾನದಲ್ಲಿ ಇರುವುದಿಲ್ಲ. ಆಟಗಾರರ ಮುಖ ಕಾಣುವುದಿಲ್ಲ; ಅವರ ಜಾತಿ, ಮತ, ಮನೆಮಾತು ತಿಳಿಯುವುದಿಲ್ಲ. ಕೇಳಿಸುವುದು ತಂಡದ ಹೆಸರು ಮತ್ತು ಜನರ ಕೂಗು. ಆ ಅರ್ಥದಲ್ಲಿ ಬಾನುಲಿಯ ಮುಂದೆ ಕುಳಿತ ಪ್ರತಿಯೊಬ್ಬರೂ ಪರವೂರಿನ ಅಭಿಮಾನಿಗಳೇ. ರಿಯಾದಿನಲ್ಲಿ ಕೂಗುವವನಿಗೂ ಕುಂದಾಪುರದಲ್ಲಿ ಕಿವಿಗೊಟ್ಟವನಿಗೂ ಆ ಹೊತ್ತಿಗೆ ಬೇಕಾದದ್ದು ಒಂದೇ ಗೋಲು.

ರಜೆಗೆಂದು ಗಲ್ಫಿನಿಂದಲೋ ಮುಂಬಯಿಯಿಂದಲೋ ನಿಮ್ಮ ಮನೆಯ ಹುಡುಗ ಬಂದಾಗ, ಸಂಬಳ ಎಷ್ಟು, ಏನೇನು ತಂದೆ ಎಂದು ಕೇಳುವುದು ವಾಡಿಕೆ. ಈ ಸಲ ಇನ್ನೊಂದು ಮಾತನ್ನೂ ಕೇಳಿ ನೋಡಿ: ಅಲ್ಲಿ ನಮ್ಮ ತಂಡ ಆಡಿದಾಗ ನಿನ್ನ ಪಕ್ಕದಲ್ಲಿ ಯಾರು ಕುಳಿತಿದ್ದರು? ಅವನು ಹೇಳುವ ಹೆಸರು ಪಕ್ಕದ ಊರಿನವನದಾಗಿರಬಹುದು, ಕಾಸರಗೋಡಿನವನದಾಗಿರಬಹುದು, ಭಟ್ಕಳದವನದಾಗಿರಬಹುದು, ಮಣಿಪುರದವನದೂ ಆಗಿರಬಹುದು. ಆ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಂದೆ ನಮ್ಮ ಊರಿನ ಚರಿತ್ರೆಯನ್ನು ಬರೆಯುವವರಿಗೆ ಅದೂ ಬೇಕಾಗುತ್ತದೆ.